ಹಬೆಗಿಟ್ಟ ಊದಲು

ಇಸೊ ಅಜ್ಜಿ ತಗ್ಗಿನ ಭತ್ತದ ಊರಿನವರು. ಇವಾತೆ ಪ್ರಾಂತ್ಯದ ಈ ಬೆಟ್ಟದೂರಿಗೆ ಸೊಸೆಯಾಗಿ ಬಂದಾಗ ಅವರಿಗೆ ಇಪ್ಪತ್ತು ವರ್ಷ. ಮೊದಲ ದಿನ ಬಟ್ಟಲಲ್ಲಿದ್ದ ಬೂದುಬಣ್ಣದ, ಊದಲೆಂಬ ಕಿರುಧಾನ್ಯದ ಅನ್ನ ನೋಡಿ, ಕೋಳಿಗೆ ಹಾಕಬೇಕಾದ್ದನ್ನು ತನಗೆ ಬಡಿಸಿದರೇನೋ ಅಂದುಕೊಂಡರಂತೆ.

ಮುಂದೆ ಇಲ್ಲಿಗೂ ಭತ್ತ ಬಂತು. ಊರಿನವರೆಲ್ಲ ಊದಲು ಬಿಟ್ಟರು. ಬಿಡದವರು ಅಜ್ಜಿಯ ಗಂಡ ಮೊಸುಕೆ ಒಬ್ಬರೇ. ಮನೆಯ ಹಿಂದಿನ ಇಳಿಜಾರಿನಲ್ಲಿ, ಇಪ್ಪತ್ತು ಹೆಜ್ಜೆ ಉದ್ದದ ಒಂದು ಪಟ್ಟೆಯಲ್ಲಿ, ಮನೆತನದ ಕರಿತೆನೆ ಊದಲನ್ನು ಪ್ರತಿವರ್ಷ ಬಿತ್ತುತ್ತಿದ್ದರು. ಚಳಿ ಬಿಡದೆ ಬೇಸಿಗೆಯೇ ಬಾರದ ಒಂದು ವರ್ಷ ಊರಿನ ಭತ್ತವೆಲ್ಲ ಜೊಳ್ಳಾದಾಗ ಕಾಳು ಕಟ್ಟಿದ್ದು ಅದೊಂದೇ.

ಬೀಜದ ತೆನೆ ಆರಿಸಿ ಅಟ್ಟದಲ್ಲಿ ಕಟ್ಟುವುದು ಇಲ್ಲಿ ಗಂಡಸರ ಕೆಲಸ. ಉಳಿದದ್ದನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ಕುಟ್ಟುವುದು ಹೆಂಗಸರದು. ಹಬೆ ಕೊಟ್ಟ ಕಾಳು ನುಚ್ಚಾಗುವುದಿಲ್ಲ, ಬೇಗ ಹುಳು ಹಿಡಿಯುವುದಿಲ್ಲ. ಅಜ್ಜಿಗೆ ತಾಳ್ಮೆ ಕಡಿಮೆ, ಬೇಗ ಇಳಿಸಿಬಿಡುತ್ತಿದ್ದರು. ಚಾಪೆಯ ಮೇಲೆ ಒಣಹಾಕಿದ್ದಕ್ಕೆ ಮಳೆ ಹನಿದರೆ ಅಲ್ಲಲ್ಲಿ ಮೊಳಕೆ ಬರುತ್ತಿತ್ತು.

"ನೋಡೇ, ನೀನು ಬೇಯಿಸಿದ್ದು ಮತ್ತೆ ಹೊಲಕ್ಕೆ ಹೋಗ್ತೀನಿ ಅಂತಿದೆ!" ಎನ್ನುತ್ತಿದ್ದರು ಮೊಸುಕೆ.

"ಹೋಗ್ಲಿ ಬಿಡಿ. ನನ್ನ ಹೊಟ್ಟೆಗೆ ಬರದಿದ್ರೆ ಸಾಕು."

ಊರಿಗೆಲ್ಲ ಗೊತ್ತಿದ್ದ ತಮಾಷೆ ಇದು.

ಹೋದ ಶರತ್ಕಾಲ ಕೊಯ್ಲು ಮುಗಿಸಿದ ಮೂರನೇ ದಿನ ಮೊಸುಕೆ ಎದೆನೋವಿನಿಂದ ತೀರಿಕೊಂಡರು.

ಹಳೆಯ ಧಾನ್ಯಗಳ ಬೀಜ ಉಳಿಸುವುದು ನನ್ನ ಕೆಲಸ. ಏಪ್ರಿಲ್‌ನಲ್ಲಿ ಅಜ್ಜಿಯ ಮನೆಗೆ ಹೋದೆ. ಶಾಲೆಯ ಮಕ್ಕಳ ಊಟಕ್ಕೆ ಊದಲು ಬೆಳೆಯಲು ಹನ್ನೊಂದು ಮನೆಯವರು ಒಪ್ಪಿದ್ದರು. ಕರಿತೆನೆ ಬೇರೆಲ್ಲೂ ಉಳಿದಿರಲಿಲ್ಲ. ನಮ್ಮ ಬೀಜದ ಕೋಣೆಯಲ್ಲೂ ಇರಲಿಲ್ಲ.

ಅಜ್ಜಿಯ ಮುಖ ಅರಳಿತು. "ಹನ್ನೊಂದು ಮನೆ! ಇನ್ಮೇಲೆ ನಮ್ಮನೆಯವರನ್ನ ಹುಚ್ಚ ಅನ್ನೋರು ಯಾರು? ನನ್ನ ಮಂಡಿ ಕೇಳಲ್ಲ, ನೀನೇ ಅಟ್ಟ ಹತ್ತು ತಾಯಿ. ಬಲಗಡೆ ತೊಲೆಗೆ ಕಟ್ಟಿರ್ತಾರೆ."

ಬಲಗಡೆಯ ತೊಲೆಯಲ್ಲಿ ಬರಿಯ ಹುರಿ ನೇತಾಡುತ್ತಿತ್ತು. ಎಡಗಡೆಯೂ ನೋಡಿದೆ.

ಇಳಿದು ಬಂದಾಗ ಅವರು ನನ್ನ ಖಾಲಿ ಕೈಗಳನ್ನೇ ನೋಡಿದರು. "ಕೊಯ್ದ ದಿನವೇ ತೆಗೆದಿಟ್ಟಿರ್ತಾರೆ ಅಂತ... ಮನೇಲಿದ್ದಿದ್ದಕ್ಕೆಲ್ಲ ಹಬೆ ಕೊಟ್ಟುಬಿಟ್ಟೆನಲ್ಲೇ!"

"ನಿಮ್ಮ ಹಬೆ ಗೊತ್ತಲ್ಲ ಅಜ್ಜಿ," ಎಂದೆ. "ಒಂದಷ್ಟು ಬದುಕಿರುತ್ತೆ. ಹತ್ತು ಮೊಳೆತರೂ ಸಾಕು, ಮೂರು ವರ್ಷದಲ್ಲಿ ಹನ್ನೊಂದು ಮನೆಗೂ ಆಗುತ್ತೆ."

ಅವರು ನಗಲಿಲ್ಲ. ಪೆಟ್ಟಿಗೆಯಿಂದ ಇನ್ನೂ ಕುಟ್ಟದ ಕಾಳು ತುಂಬಿಕೊಟ್ಟರು.

ನಾನೂರು ಕಾಳು ಎಣಿಸಿ ಒದ್ದೆ ಕಾಗದದ ಮೇಲಿಟ್ಟೆ. ಹತ್ತನೇ ದಿನ ಸೊನ್ನೆ. ಮತ್ತೆ ನಾನೂರು. ಸೊನ್ನೆ. ಕೊನೆಗೆ ಎರಡು ಸಾವಿರ ಇಟ್ಟೆ. ಬಂದದ್ದು ಬೂಷ್ಟು ಮಾತ್ರ.

ಹೇಳಲು ಹೋದಾಗ ಅಜ್ಜಿ ಅಡುಗೆ ಮಾಡಿಟ್ಟು ಕಾಯುತ್ತಿದ್ದರು.

"ಒಂದೂ ಇಲ್ವಾ?"

"ಇಲ್ಲ ಅಜ್ಜಿ."

"ನಂಗೆ ಅವತ್ತೇ ಗೊತ್ತಿತ್ತು. ಹೇಳೋಕೆ ಬಾಯಿ ಬರಲಿಲ್ಲ." ಸೌಟಿನಿಂದ ಊದಲಿನ ಅನ್ನ ಬಿಡಿಸುತ್ತಾ ಹೇಳಿದರು: "ಅವರು ಹೋದ ನಲವತ್ತೊಂಬತ್ತನೇ ದಿನದ ಎಡೆಗೆ ಅಂತ ಬೇಯಿಸಿದ್ದು. ಜೀವಮಾನವಿಡೀ ಆಡಿಕೊಂಡರಲ್ಲ, ಈ ಸಲ ಒಂದು ಮಾತೂ ಅನ್ನಿಸ್ಕೋಬಾರದು ಅಂತ ಒಲೆ ಬಿಟ್ಟು ಏಳಲೇ ಇಲ್ಲ. ಎರಡರಷ್ಟು ಹೊತ್ತು ಹಬೆ ಕೊಟ್ಟೆ."

ಒಂದು ಬಟ್ಟಲು ಗಂಡನ ಪಟದ ಮುಂದೆ ಇಟ್ಟರು, ಒಂದು ನನ್ನ ಮುಂದೆ. ಮೂರನೆಯದನ್ನು ತಾವೇ ಹಿಡಿದು ಕೂತರು.

"ಹದವಾಗಿದೆಯಾ?"

ಹದವಾಗಿತ್ತು. ಒಂದು ಕಾಳೂ ಒಡೆದಿರಲಿಲ್ಲ.