ಹಣೆ ಒರೆಸಿ ಎನ್ನದ ದಾನೇಶ್ವರಿ

"ಒಂದ ಕಡೆ ಕುಂದ್ರ ನಮ್ಮವ್ವಾ! ಬಾಲ ಸುಟ್ಟ ಬೆಕ್ಕಿನಂಗ ಮುಂಜಾನಿಂದ ತಿರಗಾಕತ್ತಿ."

ಕಮತಗಿಯ ಶಿವಲಿಂಗವ್ವನಿಗೆ ರೊಟ್ಟಿ ಬಡಿಯುವುದೂ ಮಗಳನ್ನು ಬೈಯುವುದೂ ಒಂದೇ ಕೆಲಸ, ಎರಡೂ ಕೂಡಿಯೇ ನಡೆಯುತ್ತವೆ. ದಾನೇಶ್ವರಿ ಕುಳಿತಳು. ರೊಟ್ಟಿ ಮುರಿದಳು. ತುತ್ತು ಬಾಯಿಗೆ ಹೋಗುವ ಮೊದಲೇ ಎದ್ದು ಮೊಬೈಲು ನೋಡಿದಳು. ಕಾಗದ ಅಲ್ಲೇ ಇತ್ತು, ಎಲ್ಲಿಗೆ ಹೋಗುತ್ತದೆ ಪಾಪ! ಅವಳು ಕೆಲಸ ಮಾಡುವ ವಿಮಾನ ಕಂಪನಿ ಮೊಬೈಲಿಗೆ ಕಳಿಸಿದ ಕಾಗದ ಅದು. ನಾಳೆ ಸಂಜೆ ಐದರೊಳಗೆ ಸಹಿ ಮಾಡಿ ಕಳಿಸಬೇಕು. ಮಾಡಿದರೆ ಸೋಮವಾರದಿಂದ ಮತ್ತೆ ಕೆಲಸ. ಮಾಡದಿದ್ದರೆ ಅವ್ವನ ಪಕ್ಕ ಕುಳಿತು ಬೇಕಾದಷ್ಟು ದಿನ ರೊಟ್ಟಿ ತಿನ್ನಬಹುದು.

ಈ ಹುಡುಗಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬಾಗಲಕೋಟೆಯಲ್ಲಿ ಬಿ.ಕಾಂ. ಮುಗಿಸಿ, ಬೇರೆ ಜಿಲ್ಲೆಯ ಸಣ್ಣ ವಿಮಾನ ನಿಲ್ದಾಣವೊಂದರಲ್ಲಿ ಕೌಂಟರಿನ ಕೆಲಸ ಹಿಡಿದಾಗ ಊರವರು ಅವಳಿಗೆ "ವಿಮಾನದ ದಾನವ್ವ" ಅಂತ ಹೆಸರಿಟ್ಟರು. ನಾಲ್ಕು ವರ್ಷದಲ್ಲಿ ಸಾವಿರಾರು ಜನರನ್ನು ವಿಮಾನ ಹತ್ತಿಸಿದ್ದಾಳೆ, ತಾನು ಒಮ್ಮೆಯೂ ಹತ್ತಿಲ್ಲ. ಊರಲ್ಲಿ ಯಾರಿಗೂ ಅದನ್ನು ಹೇಳಿಲ್ಲ, ಹೇಳಿದರೆ ಮರ್ಯಾದೆ ಏನುಳಿದೀತು? ಇನ್ನೊಂದು, ಹಿರಿಯರಿಗೆ ಇಲ್ಲ ಅನ್ನುವುದು ಅವಳ ನಾಲಿಗೆಗೆ ಬರುವುದಿಲ್ಲ. ಬಸ್ಸಿನಲ್ಲಿ ಅಜ್ಜನೊಬ್ಬ ನಿಂತಿದ್ದರೆ ಕುಳಿತ ಇವಳ ಕಾಲು ನೋಯುತ್ತದೆ. ಅಂಥ ಸ್ವಭಾವ ಮನೆಯಲ್ಲಿ ಚೆಂದ. ಅವಳು ಕುಳಿತಿದ್ದ ಜಾಗದಲ್ಲಿ ಅದರಿಂದ ಒಂದು ಹೆಣ ಬಿತ್ತು.

ಕೊರೊನಾ ಬಂದ ಎರಡನೆಯ ವರ್ಷದ ಮಾರ್ಚ್ ತಿಂಗಳು. ಕೌಂಟರಿನಲ್ಲಿ ಪ್ರತಿಯೊಬ್ಬರ ಹಣೆಗೂ ಜ್ವರ ನೋಡುವ ಯಂತ್ರ ಹಿಡಿಯುವುದು ದಾನೇಶ್ವರಿಯ ಪಾಳಿ. ಸಾಲಿನಲ್ಲಿ ಅರವತ್ತು ವರ್ಷದ ಒಬ್ಬರು ಬಂದರು. ಹೆಸರು ಅಮಾತೆಪ್ಪ, ಇಳಕಲ್ಲಿನವರು, ಗ್ರಾನೈಟ್ ಕಾರ್ಖಾನೆಯಲ್ಲಿ ಮೇಸ್ತ್ರಿ. ಮಗಳ ಹೆರಿಗೆಗೆಂದು ಮುಂಬೈಗೆ ಹೊರಟಿದ್ದರು. ಬೆಳಿಗ್ಗೆ ಲಾಡ್ಜಿನಲ್ಲಿ ಸ್ನಾನ, ಪೂಜೆ ಮುಗಿಸಿ ಹಣೆಯ ತುಂಬ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡಿದ್ದರು. ಅದರ ಹಸಿ ಇನ್ನೂ ಆರಿರಲಿಲ್ಲ. ಯಂತ್ರ ತೊಂಬತ್ತಾರು ಅಂತು.

"ನೀ ನಮ್ಮ ಕಡೆಯಾಕಿ ಏನವ್ವಾ?" ಅಂದರು, ಅವಳ ಮಾತು ಕೇಳಿ.

"ಹೌದ್ರಿ ಕಾಕಾರ, ಕಮತಗಿ."

"ಹಂಗಾದ್ರ ಖರೆ ಹೇಳು. ನಿನ್ನಿಯಿಂದ ಮೈ ಬೆಚ್ಚಗ ಆಗೇತಿ. ಹೋಗ್ಲೋ, ಬ್ಯಾಡೋ?"

ಅವರ ಕಣ್ಣು ಕೆಂಪಗಿದ್ದವು. ಮಾತಾಡುವಾಗ ದನಿ ನಡುಗುತ್ತಿತ್ತು. ಇದು ಜ್ವರವೇ ಅಂತ ದಾನೇಶ್ವರಿಗೆ ಗೊತ್ತಾಯಿತು, ಗೊತ್ತಾಗಲಿಲ್ಲ ಅನ್ನುವುದು ಸುಳ್ಳು. ಹಣೆ ಒಣಗಿರಬೇಕು, ಏನೂ ಹಚ್ಚಿರಬಾರದು, ಹಚ್ಚಿದ್ದರೆ ಯಂತ್ರ ಕಡಿಮೆ ತೋರಿಸುತ್ತದೆ, ಒರೆಸಿ ಮತ್ತೆ ನೋಡಬೇಕು ಅಂತ ತರಬೇತಿಯಲ್ಲಿ ಹತ್ತು ಸಲ ಹೇಳಿದ್ದರು. ಆದರೆ ಆಗಷ್ಟೇ ಲಿಂಗಪೂಜೆ ಮಾಡಿ ಬಂದ ಹಿರಿಯ ಜೀವಕ್ಕೆ, ನಾಲ್ಕು ಜನರ ಎದುರು, "ವಿಭೂತಿ ಒರೆಸಿ" ಅನ್ನುವುದು ಹೇಗೆ? ಅವಳ ಮನೆಯಲ್ಲಿ ಬರಿ ಹಣೆಯಲ್ಲಿ ಹೊಸ್ತಿಲು ದಾಟಿದರೆ ಶಿವಲಿಂಗವ್ವ ತಿರುಗಿ ಕರೆಯುತ್ತಾಳೆ. ಹಿಂದೆ ಜನ ಗೊಣಗುತ್ತಿದ್ದರು.

"ಮಷೀನ್ ಬರೋಬರಿ ಐತಿ ಅಂತೈತ್ರಿ ಕಾಕಾರ. ಹೋಗಿ ಬರ್ರಿ," ಅಂದುಬಿಟ್ಟಳು.

ವಿಮಾನ ಏರಿದ ಅರ್ಧ ತಾಸಿಗೆ ಅಮಾತೆಪ್ಪನವರ ಜ್ವರ ಏರಿತು. ಜಡ್ಡಾದವರನ್ನು ಬೇರೆ ಕೂಡಿಸಲೆಂದು ಕೊನೆಯ ಸಾಲು ಖಾಲಿ ಬಿಡಬೇಕು ಅಂತ ಕಂಪನಿಯ ನಿಯಮದಲ್ಲೇ ಇತ್ತು. ಕಂಪನಿಯವರು ಅವತ್ತು ಆ ಸಾಲಿಗೂ ಟಿಕೆಟು ಮಾರಿದ್ದರು, ಪುಣ್ಯಾತ್ಮರು! ಹಾಗಾಗಿ ಇಳಿಯುವ ತನಕ ಅವರು ಕುಳಿತಲ್ಲೇ ಕುಳಿತರು. ಪಕ್ಕದ ಸೀಟಿನಲ್ಲಿ ಬದಾಮಿಯ ಶಹರಬಾನು ಇದ್ದಳು. ಅಕ್ಕನ ಮಗಳ ಮದುವೆಗೆ ಹೊರಟವಳು. ನಾಲ್ಕು ದಿನಕ್ಕೆ ಅವಳು ಮಲಗಿದಳು, ಹದಿನೇಳನೆಯ ದಿನ ತೀರಿಕೊಂಡಳು. ಅಮಾತೆಪ್ಪನವರು ಉಳಿದರು.

ಶಹರಬಾನುವಿನ ಗಂಡ ಶಾಬುದ್ದೀನ ಬದಾಮಿಯಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವವನು. ಅವನು ಕಂಪನಿಗೆ ಅರ್ಜಿ ಬರೆದ, ಜ್ವರದ ಮನುಷ್ಯನನ್ನು ಯಾಕೆ ಹತ್ತಿಸಿದಿರಿ ಅಂತ. ಕಂಪನಿ ದಾನೇಶ್ವರಿಗೆ ರಜೆ ಕೊಟ್ಟು ಊರಿಗೆ ಕಳಿಸಿತು. ಮೂರು ತಿಂಗಳಾದ ಮೇಲೆ ಈಗ ಈ ಕಾಗದ. "ನಿಯಮದಂತೆ ಹಣೆಯ ಉಷ್ಣತೆ ಅಳೆದೆ. ರೋಗಲಕ್ಷಣ ಕಾಣಲಿಲ್ಲ. ಪ್ರಯಾಣಿಕರು ಕಾಯಿಲೆಯನ್ನು ಮುಚ್ಚಿಟ್ಟರು." ಕೆಳಗೆ ಅವಳ ಹೆಸರು, ಸಹಿಗೆ ಜಾಗ. ಅವಳು ಸಹಿ ಮಾಡಿದರೆ ಕಂಪನಿಯ ಕೈ ತೊಳೆದಂತಾಯಿತು, ಜ್ವರ ಮುಚ್ಚಿಟ್ಟರೆಂಬ ಪೊಲೀಸು ಕೇಸು ಅಮಾತೆಪ್ಪನವರ ತಲೆಗೆ.

ರೊಟ್ಟಿ ತಾಟಿನಲ್ಲೇ ಉಳಿಯಿತು. ದಾನೇಶ್ವರಿ ಚಪ್ಪಲಿ ಮೆಟ್ಟಿ ಇಳಕಲ್ಲಿಗೆಂದು ಬಸ್ಸು ಹತ್ತಿದಳು. ಹುನಗುಂದದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವ ತನಕ ನಿಂತಲ್ಲಿ ನಿಲ್ಲಲಿಲ್ಲ. ಹೋಗಿ ಏನು ಹೇಳಬೇಕು ಅಂತ ಅವಳಿಗೇ ಗೊತ್ತಿರಲಿಲ್ಲ.

ಇಳಕಲ್ಲಿನಲ್ಲಿ ಅವರಿವರನ್ನು ಕೇಳುತ್ತ ಹೋದಾಗ ಅಮಾತೆಪ್ಪನವರು ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಅರ್ಧ ಆಳಾಗಿದ್ದರು. ದಾನೇಶ್ವರಿ ಮಾಸ್ಕು ಕೆಳಗಿಳಿಸಿ ತಾನು ಯಾರೆಂದು ಹೇಳಿದಾಗ ಅವರ ಮುಖ ಅರಳಿತು.

"ಬಾರವ್ವಾ, ಬಾ! ನಮ್ಮ ಕಟ್ಟಿ ಮ್ಯಾಲ ಯಾರೂ ಕುಂದ್ರಂಗಿಲ್ಲ ಈಗ. ಓಣಿ ಮಂದಿಗೆ ನಾ ವಿಮಾನದ ಜಡ್ಡು ಆಗೇನಿ."

ಅವಳು ಕುಳಿತು ಕಾಗದ ಓದಿ ಹೇಳಿದಳು. ಎಲ್ಲ ಹೇಳಿದಳು. ವಿಭೂತಿ ಒರೆಸಿ ಮತ್ತೆ ನೋಡಬೇಕಾಗಿತ್ತು, ಬಾಯಿ ಬರಲಿಲ್ಲ, ತಪ್ಪು ನನ್ನದು ಅಂದಳು.

"ಒರಸ್ರಿ ಅಂದಿದ್ರ ಒರಸ್ತಿದ್ನಲ್ಲವ್ವಾ," ಅಂದರು ಅಮಾತೆಪ್ಪನವರು. "ವಿಭೂತಿ ಗಟ್ಟಿ ಕಿಸೆದಾಗಽ ಇತ್ತು. ಮತ್ತ ಹಚ್ಗೊಳ್ಳಾಕ ಎಷ್ಟೊತ್ತು? ನೀ ಹೋಗಬ್ಯಾಡ್ರಿ ಅಂತಿ ಅಂತನ ಕೇಳಿದ್ದೆ ನಾ. ಅಂದಿದ್ರ ತಿರುಗಿ ಬರ್ತಿದ್ದೆ."

ಅಯ್ಯೋ, ಯಾವುದನ್ನು ಕಾಪಾಡಲೆಂದು ಅವಳು ಬಾಯಿ ಮುಚ್ಚಿದ್ದಳೋ ಅದು ಆ ಹಿರಿಯರಿಗೆ ಒಂದು ಗಳಿಗೆಯ ಮಾತಾಗಿತ್ತು! ದಾನೇಶ್ವರಿಗೆ ಅಳು ತಡೆಯಲಾಗಲಿಲ್ಲ. ಅವರೇ ಸಮಾಧಾನ ಮಾಡಿದರು.

"ಅಳಬ್ಯಾಡ. ಸೈ ಹಾಕಿಬಿಡು ಅದಕ್ಕ. ನೀ ಹರೇದ ಹುಡುಗಿ, ನೌಕರಿ ಕಳಕೋಬ್ಯಾಡ. ನಾ ಮುಚ್ಚಿಟ್ಟೆ ಅಂತನ ಬರೀಲಿ. ಮೊದಲಽ ಊರ ಮಂದಿ ಅನ್ನೂದು ಅದನ್ನ. ಪೊಲೀಸರು ಈ ಮುದುಕನ್ನ ಒಯ್ದು ಏನ ಮಾಡ್ತಾರ?"

ಬೇಡ ಕಾಕಾ ಅನ್ನಬೇಕಿತ್ತು ಅವಳು. ಅನ್ನಲಿಲ್ಲ. ಖರೆ ಹೇಳಬೇಕೆಂದರೆ, ಎದೆಯ ಮೇಲಿನ ಬಂಡೆ ಜರುಗಿದಂತೆ ಹಗುರಾದಳು. ಅವರೇ ಒಪ್ಪಿದ ಮೇಲೆ ತನ್ನದೇನು? ಕಾಲು ಮುಟ್ಟಿ ನಮಸ್ಕಾರ ಮಾಡಿ ಬಸ್ಸು ಹತ್ತಿದಳು, ಕಿಟಕಿ ಪಕ್ಕ ಕುಳಿತು ಸೋಮವಾರದ ಬಟ್ಟೆಯ ಬಗ್ಗೆ ಯೋಚಿಸಿದಳು. ಆ ಹಗುರ ಹುನಗುಂದದ ತನಕವೂ ಬಾಳಲಿಲ್ಲ. ಒಂದು ಸಲ ಆ ಮನುಷ್ಯ ಕೇಳಿದ್ದಕ್ಕೆ ಸುಳ್ಳು ಹೇಳಿದ್ದಾಯಿತು, ಈಗ ಅದೇ ಮನುಷ್ಯನ ಮೇಲೆ ಸುಳ್ಳು ಹೊರಿಸುವುದೇ? ಥೂ ನಿನ್ನ ಬಾಳೇ ಅಂತ ತನಗೆ ತಾನೇ ಬೈದುಕೊಂಡಳು.

ಹುನಗುಂದದ ನಿಲ್ದಾಣದಲ್ಲಿ ಕಮತಗಿ ಬಸ್ಸು ನಿಂತಿತ್ತು. ಅವಳು ಹತ್ತಲಿಲ್ಲ. ಕಂಪನಿ ಕಾಗದದ ಜೊತೆ ಕಳಿಸಿದ್ದ ಅರ್ಜಿಯ ಪ್ರತಿಯಲ್ಲಿ ಶಾಬುದ್ದೀನನ ನಂಬರಿತ್ತು, ಅದನ್ನು ಒತ್ತಿದಳು, ಕತ್ತರಿಸಿದಳು, ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆದಳು, ಮತ್ತೆ ಒತ್ತಿದಳು.

"ಶಾಬುದ್ದೀನ ಅಣ್ಣಾರೇನ್ರಿ? ನಾ ವಿಮಾನ ಕಂಪನಿಯಾಕಿರಿ. ನಿಮ್ಮ ಅರ್ಜಿ…"

"ಮೊದಲ ಒಂದ ಹೇಳ್ರಿ," ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಅಜ್ಜಾರು ಉಳದಾರೇನು?"

"ಉಳದಾರ್ರಿ. ಈಗ ನೋಡಿ ಬಂದೆ."

"ಚಲೋ ಆತು. ಅವ್ರ ಮ್ಯಾಲ ನಮ್ಮದೇನಿಲ್ರಿ. ನಮ್ಮಾಕಿ ದವಾಖಾನಿಂದ ಫೋನ್ ಮಾಡಿದಾಗೆಲ್ಲ ಅದನ್ನಽ ಕೇಳ್ತಿದ್ಲು. ವಿಮಾನದಾಗ ಅವ್ರಿಗೆ ನೀರು ಕುಡಿಸಿದ್ಲಂತ, ಹಣಿ ಮುಟ್ಟಿದ್ರ ಕೆಂಡ ಇತ್ತಂತ. 'ಹತ್ತಸೂವಾಗ ಒಬ್ರಿಗೂ ಗೊತ್ತಾಗ್ಲಿಲ್ಲೇನ್ರಿ' ಅಂತ ನನ್ನ ಕೇಳಿದ್ಲು. ನಾ ಏನ ಹೇಳ್ಲಿ? ನೀವ ಹೇಳ್ರಿ ಈಗ. ಒಬ್ರಿಗೂ ಗೊತ್ತಾಗ್ಲಿಲ್ಲೇನು?"

"ನನಗ ಗೊತ್ತಾಗಿತ್ತರಿ," ಅಂದಳು. "ಜ್ವರ ಐತಿ ಅಂತ ಗೊತ್ತಿದ್ದಽ ಕಳಿಸಿದೆ. ಕಂಪನಿಯವ್ರು ಬ್ಯಾರೆ ಬರದಾರ, ಅದಕ್ಕ ನಾ ಸೈ ಮಾಡಂಗಿಲ್ಲ. ಈಗ ಹೇಳಿದ್ದನ್ನಽ ಬರದು ಕಳಸ್ತೇನಿ, ಅವ್ರಿಗೂ, ನಿಮಗೂ."

"ಮೂರು ತಿಂಗಳಾತ್ರಿ," ಅಂದ ಶಾಬುದ್ದೀನ. "ಅವ್ರನ್ನ ಕೇಳ್ರಿ, ಇವ್ರನ್ನ ಕೇಳ್ರಿ ಅಂತ ತಿರುಗಾಡಸ್ಯಾರ. ಸಿಟ್ಟು ಯಾರ ಮ್ಯಾಲ ಮಾಡ್ಲಿ ಅಂತ ಒಬ್ರು ಸಿಕ್ಕಿರಲಿಲ್ಲ. ಈಗ ನೀವ ಸಿಕ್ಕೀರಿ. ಇಡಬ್ಯಾಡ್ರಿ ಫೋನು."

"ಇಡಂಗಿಲ್ರಿ," ಅಂದಳು ಅವಳು.

ಅವನು ಶುರು ಮಾಡಿದ. ಬಾಯಿಗೆ ಬಂದದ್ದೆಲ್ಲ ಅಂದ, ಅಳುತ್ತ ಅಂದ. ಕಮತಗಿ ಬಸ್ಸು ಹೊರಟುಹೋಯಿತು, ಅದರ ಹಿಂದಿನದೂ ಹೋಯಿತು. ದಾನೇಶ್ವರಿ ಫೋನು ಕಿವಿಗೆ ಹಿಡಿದು, ಒಂದೇ ಕಡೆ ನಿಂತು, ಎಲ್ಲವನ್ನೂ ಕೇಳಿದಳು.