‘ನನ್ನ ಅಪ್ಪ’: ಐದು ವಾಕ್ಯ

ನಾವುಂದದಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಸಣ್ಣ ಹೋಟೆಲು. ಸಂಜೆ ನಾಲ್ಕೂವರೆಗೆ ಶಾಲೆಯ ವ್ಯಾನು ಅಲ್ಲಿ ನಿಂತು ನನ್ನ ಮಗಳನ್ನು ಇಳಿಸಿ ಹೋಗುತ್ತದೆ. ಈಗ ಹೇಳುವುದು ಅವಳು ಒಂದನೇ ಕ್ಲಾಸಿನಲ್ಲಿದ್ದಾಗಿನ ಮಾತು. ಹೆಂಡತಿ ಬೈಂದೂರಿನ ಆಫೀಸು ಮುಗಿಸಿ ಬರುವುದು ಏಳರ ಬಸ್ಸಿಗೆ. ಅಲ್ಲಿಯವರೆಗೆ ಮಗಳು ಹಿಂದಿನ ಮೇಜಿನಲ್ಲಿ ಕೂತು ಹೋಂವರ್ಕ್ ಮಾಡಬೇಕು. ಮಾಡಬೇಕು ಎಂದೆ, ಮಾಡುತ್ತಿದ್ದಳು ಎನ್ನಲಿಲ್ಲ.

ಆರು ವರ್ಷದ ಮಗುವಿಗೆ ಅಷ್ಟು ಹೋಂವರ್ಕ್ ಯಾಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕನ್ನಡ ಕಾಪಿ ಒಂದು ಪುಟ, ಇಂಗ್ಲಿಷ್ ಕಾಪಿ ಒಂದು ಪುಟ, ನೂರರಿಂದ ಒಂದರವರೆಗೆ ತಿರುಗಾಮುರುಗಾ ಎಣಿಕೆ, ಸಾಲದ್ದಕ್ಕೆ ಹಿಂದಿ. ನಾನು ಓದುವಾಗ ಸಂಜೆ ಚೀಲವನ್ನು ಮೂಲೆಗೆ ಎಸೆದರೆ ಮರುದಿನ ಬೆಳಿಗ್ಗೆ ಅದೇ ಮೂಲೆಯಿಂದ ಎತ್ತಿಕೊಂಡು ಹೋಗುತ್ತಿದ್ದೆ. ಅದಕ್ಕೇ ಹೋಟೆಲು ಇಡಬೇಕಾಯಿತು ಎನ್ನುತ್ತಾಳೆ ಹೆಂಡತಿ. ಇರಲಿ.

ನಾನು ದುಡ್ಡಿನ ಗಲ್ಲೆ ಬಿಟ್ಟು ಹೋಗಿ, “ಹೋಂವರ್ಕ್ ಆಯ್ತಾ?” ಎಂದು ಕೇಳುತ್ತಿದ್ದೆ. “ಆಯ್ಲಿಲ್ಲೆ” ಎನ್ನುತ್ತಿದ್ದಳು. ಪುಸ್ತಕ ನೋಡಿದರೆ ತಾರೀಕು ಒಂದು ಬರೆದಿರುತ್ತಿತ್ತು. ನಾನು ಪಕ್ಕದಲ್ಲಿ ಕೂತು ನಾಲ್ಕು ಅಕ್ಷರ ತೀಡಿಸುವಷ್ಟರಲ್ಲಿ ಗಿರಾಕಿಗಳು ಬಂದು ಸೇರುತ್ತಿದ್ದರು. ನಮ್ಮ ಕಡೆಯ ಹೋಟೆಲಿನಲ್ಲಿ ಯಾರ ಕೆಲಸವೂ ಅವರೊಬ್ಬರದೇ ಆಗಿ ಉಳಿಯುವುದಿಲ್ಲ. ಹಿಂದಿಗೆ ನಮ್ಮ ದೋಸೆ ಭಟ್ಟರು ಇದ್ದರು, ಮುಂಬೈಯ ಕ್ಯಾಂಟೀನುಗಳಲ್ಲಿ ಇಪ್ಪತ್ತು ವರ್ಷ ಕಳೆದವರು. ಅವರು ಕಲಿಸಿದ ಹಿಂದಿಯನ್ನು ಶಾಲೆಯಲ್ಲಿ ಹೇಳಬೇಡ ಎಂದು ಮಗಳಿಗೆ ನಾನು ಗುಟ್ಟಾಗಿ ಎಚ್ಚರಿಸಬೇಕಾಯಿತು. ಒಮ್ಮೆ ಐದು ಬಗೆಯ ಎಲೆ ಅಂಟಿಸಿಕೊಂಡು ಬರಲು ಹೇಳಿದ್ದರು. ದಿನಾ ಚಾ ಕುಡಿಯಲು ಬರುವ ಮೀನು ಲಾರಿಯ ಡ್ರೈವರು ಎಲ್ಲಿಂದಲೋ ಮೊರದಗಲದ ಸಾಗುವಾನಿ ಎಲೆ ತಂದ. ಅದನ್ನು ಅಂಟಿಸಿದ ಮೇಲೆ ಪುಸ್ತಕ ಕಾಣಲಿಲ್ಲ. ಟೀಚರು ಎಲೆಯ ಮೇಲೆಯೇ ‘ಗುಡ್’ ಎಂದು ಬರೆದು ಕಳಿಸಿದರು.

ಇದೆಲ್ಲ ತಮಾಷೆಯೇ. ತಮಾಷೆ ಅಲ್ಲದ್ದು ಒಂದಿತ್ತು. ದೀಪಾವಳಿ ಕಳೆದ ಮೇಲೆ ಟೀಚರು ನನ್ನನ್ನು ಕರೆಸಿ, “ನಿಮ್ಮ ಮಗಳು ಶಾಲೆ ಶುರುವಾದಲ್ಲಿಂದ ಕ್ಲಾಸಲ್ಲಿ ಒಂದು ಶಬ್ದ ಮಾತಾಡಿಲ್ಲ. ಹಾಜರಿ ಕರೆದ್ರೆ ಕೈ ಎತ್ತುದು, ಅಷ್ಟೆ” ಎಂದರು. ಮಕ್ಕಳು ಅವಳನ್ನು ಮೂಕಿ ಎಂದು ಕರೆಯುತ್ತಿದ್ದರಂತೆ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸಲು ನಾವು ಪಡುವ ಪಾಡು ನೆನೆದರೆ ನಂಬುವುದೇ ಕಷ್ಟವಾಯಿತು. ಶನಿವಾರ ತಂದೆತಾಯಿಯರ ಎದುರು ಎಲ್ಲ ಮಕ್ಕಳೂ ‘ನನ್ನ ಅಪ್ಪ’ ಎಂಬ ವಿಷಯದ ಮೇಲೆ ಐದು ವಾಕ್ಯ ಹೇಳಬೇಕಿತ್ತು. ಅಂದು ಅವಳು ಬಾಯಿ ಬಿಟ್ಟರೆ ಬಿಟ್ಟಳು, ಇಲ್ಲವಾದರೆ ಆ ಹೆಸರು ಅವಳಿಗೆ ಅಂಟಿಕೊಂಡೇ ಬಿಡುತ್ತದೆ ಎಂದು ನನಗೆ ಭಯವಾಯಿತು.

ಆ ಭಯವನ್ನು ಹೋಟೆಲಿನಲ್ಲಿ ಹೇಳಿಕೊಂಡದ್ದು ನನ್ನ ತಪ್ಪು. ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರು ನಮ್ಮಲ್ಲಿ ದಿನಾ ಎರಡು ಗಂಟೆ ಕೂರುತ್ತಾರೆ. ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಎದುರಾಳಿಯನ್ನು ಕಟ್ಟಿಹಾಕುವುದು ಅವರ ವಿದ್ಯೆ.

“ಹ್ವಾಯ್, ನೀವ್ ನಿಮ್ಮ್ ಗಲ್ಲೆ ಕಾಣಿ. ಇದ್ ನಮ್ಮ್ ಕೆಲ್ಸ” ಎಂದು ಅವರು ಕುರ್ಚಿ ಎಳೆದುಕೊಂಡರು. “ಐದ್ ವಾಕ್ಯ ಹೇಳ್ರೆ ಮುಗಿತ್ತಾ? ಪೀಠಿಕೆ ಬೇಡ್ದಾ?”

ಪೀಠಿಕೆ ಶುರುವಾಯಿತು. ಅಪ್ಪನೆಂದರೆ ಯಾರು, ಹುಟ್ಟಿಸಿದವನೋ, ಹೊಟ್ಟೆಗೆ ಹಾಕಿದವನೋ, ಬುದ್ಧಿ ಕಲಿಸಿದವನೋ ಎಂಬಲ್ಲಿಂದ ಹಿಡಿದು ‘ನನ್ನ’ ಎಂಬ ಶಬ್ದಕ್ಕೆ ಬರುವಷ್ಟರಲ್ಲಿ ಚಾ ಆರಿ ಹೋಯಿತು. ಎದುರಾಳಿ ಇಲ್ಲದೆ ಅರ್ಥ ಏರುವುದಿಲ್ಲವೆಂದು ದೋಸೆ ಭಟ್ಟರು ಟೀಚರ ಪಾತ್ರ ವಹಿಸಿ, ಸಟ್ಟುಗ ಹಿಡಿದೇ ಹೊರಗೆ ಬಂದರು.

“ಅಪ್ಪಯ್ಯ ಒಳ್ಳೆಯವ್ರ್ ಅಂದೇಳಿ ಎಂತ ಸಾಕ್ಷಿ ಇತ್ತ್? ಟೀಚರ್ ಕೇಂಡ್ರೆ ಎಂತ ಹೇಳ್ತೆ?” ಎಂದು ಅವರು ಮಗಳನ್ನು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ಲಾರಿ ಡ್ರೈವರು ಹೇಳಿದ, “ಮಂಗ್ಳವಾರದ್ ಸಾಂಬಾರ್ ಕಂಡ್ರೆ ಒಳ್ಳೆಯವ್ರ್ ಅಂಬುಕ್ ಆತಿಲ್ಲೆ.”

ಸಾಂಬಾರು ಮಾಡುವವರು ದೋಸೆ ಭಟ್ಟರೇ. ಅವರಿಗೆ ಸಿಟ್ಟು ಬಂತು. ಟೀಚರ ಪಾತ್ರ ಅಲ್ಲಿಗೆ ಬಿಟ್ಟು ತೊಗರಿಬೇಳೆಯ ಗುಣದ ಮೇಲೆ ಅವರು ವಾದಕ್ಕಿಳಿದರು. ಕೊಲ್ಲೂರಿಗೆ ಹೊರಟು ಕಾಫಿಗೆ ಇಳಿದಿದ್ದ ಪರವೂರಿನ ಯಜಮಾನರೊಬ್ಬರು, “ತಂದೆಯ ತ್ಯಾಗದ ಬಗ್ಗೆಯೂ ಒಂದು ಮಾತು ಸೇರಿಸಿ” ಎಂದು ಸಲಹೆ ಕೊಟ್ಟರು. ನಾನು ಗಲ್ಲೆಯಲ್ಲಿ ಕೂತು ನಾನು ಒಳ್ಳೆಯವನೋ ಅಲ್ಲವೋ ಎಂಬ ತೀರ್ಮಾನಕ್ಕೆ ಕಾಯುತ್ತಿದ್ದೆ. ನಾಲ್ಕು ಸಂಜೆ ಇದು ನಡೆಯಿತು. ಶುಕ್ರವಾರಕ್ಕೆ ಐದು ವಾಕ್ಯ ಹನ್ನೊಂದು ನಿಮಿಷವಾಗಿತ್ತು. ಅಷ್ಟೂ ಪೋಸ್ಟ್‌ಮ್ಯಾನರ ಬಾಯಲ್ಲೇ ಇತ್ತು. ಮಗಳು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು.

ಶನಿವಾರ ದೋಸೆ ಭಟ್ಟರೂ ಪೋಸ್ಟ್‌ಮ್ಯಾನರೂ ಬರುತ್ತೇವೆಂದು ಹಟ ಹಿಡಿದರು. ಬಾಗಿಲಿಗೆ ‘ಹೋಂವರ್ಕ್ ಪ್ರಯುಕ್ತ ಮಧ್ಯಾಹ್ನದವರೆಗೆ ರಜೆ’ ಎಂಬ ಬೋರ್ಡು ತೂಗುಹಾಕಿ ಹೊರಟೆವು. ಹೆಂಡತಿ ನಮ್ಮ ಜೊತೆ ಬರಲು ನಾಚಿ ಬೇರೆ ಬಸ್ಸಿನಲ್ಲಿ ಬಂದಳು.

ಶಾಲೆಯಲ್ಲಿ ನಮ್ಮನ್ನೆಲ್ಲ ಮಕ್ಕಳ ಕುರ್ಚಿಯಲ್ಲಿ ಕೂರಿಸಿದರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಒಂದು ಮಗು ತನ್ನ ಅಪ್ಪ ಹಿಮಾಲಯಕ್ಕಿಂತ ಎತ್ತರ ಎಂದಿತು, ಆ ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು, ಐದಡಿ ಇದ್ದಿರಬಹುದು. ಇನ್ನೊಂದು ಮಗು ಮರೆತಲ್ಲೆಲ್ಲ ಅದರ ತಾಯಿ ಹಿಂದಿನಿಂದ ಹೇಳಿಕೊಟ್ಟು, ಕೊನೆಯ ಎರಡು ವಾಕ್ಯ ತಾನೇ ಹೇಳಿ ಮುಗಿಸಿದಳು. ಅವಳಿಗೂ ಚಪ್ಪಾಳೆ ಬಿತ್ತು.

ನನ್ನ ಮಗಳ ಸರದಿ ಬಂತು. ಬಂದು ನಿಂತಳು. ಸುಮ್ಮನೆ ನಿಂತೇ ಇದ್ದಳು. ಹಿಂದಿನ ಸಾಲಿನ ಮಕ್ಕಳು ಪಿಸುಗುಟ್ಟಿದ್ದು ನನಗೆ ಕೇಳಿತು. ಪೋಸ್ಟ್‌ಮ್ಯಾನರು ತುಟಿ ಅಲ್ಲಾಡಿಸಿ ಪೀಠಿಕೆಯ ಮೊದಲ ಶಬ್ದವನ್ನು ದಾಟಿಸಲು ನೋಡಿದರು. ಅವಳು ಅವರ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು.

“ನಮ್ಮ್ ಅಪ್ಪಯ್ಯಂಗೆ ಹೋಟ್ಲ್ ಇತ್ತ್” ಎಂದಳು. “ಅಪ್ಪಯ್ಯ ಬಂದೋರ್ ಹತ್ರ ಎಲ್ಲ ಮಾತಾಡ್ತ್ರ್. ನನ್ ಹತ್ರ ಹೋಂವರ್ಕ್ ಆಯ್ತಾ ಅಂದೇಳಿ ಕೇಂತ್ರ್. ಆಯ್ತ್ ಅಂದ್ರೆ ಹೋತ್ರ್. ಆಯ್ಲಿಲ್ಲೆ ಅಂದ್ರೆ ಹತ್ರ ಕೂಕಂತ್ರ್.”

ಐದು ವಾಕ್ಯ. ಸರಿಯಾಗಿ ಐದೇ. ಇಡೀ ಹಾಲ್ ನಕ್ಕಿತು, ಎಲ್ಲರೊಂದಿಗೆ ನಾನೂ ನಕ್ಕೆ. ಆಮೇಲೆ ಅದರ ಅರ್ಥ ನನ್ನ ತಲೆಗೆ ಹೋಯಿತು. ಖಾಲಿ ಪುಟಗಳೆಲ್ಲ, ನಾನು ಹತ್ತಿರ ಬಂದು ಕೂರಲಿ ಎಂದು ಅವಳು ಬೇಕೆಂದೇ ಖಾಲಿ ಬಿಟ್ಟವು. ನನಗೆ ಬಹಳ ನಾಚಿಕೆಯಾಯಿತು. ಅವಳು ಮಾತಾಡಿದಳಲ್ಲ ಎಂದು ಅಷ್ಟೇ ಸಂತೋಷವೂ ಆಯಿತು. ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

“ಪೀಠಿಕೆಯೇ ಇಲ್ಲೆ ಮಾರಾಯ್ರೆ” ಎಂದು ಪೋಸ್ಟ್‌ಮ್ಯಾನರು ದಾರಿಯುದ್ದಕ್ಕೂ ಕೊರಗಿದರು. ಎದುರಾಳಿಗೆ ಉತ್ತರ ಕೊಡಲು ಆಗದ ಹಾಗೆ ಮಾತು ನಿಲ್ಲಿಸಿದ್ದೇ ದೊಡ್ಡಸ್ತಿಕೆ ಎಂದು ದೋಸೆ ಭಟ್ಟರು ವಾದಿಸಿದರು. ಟೀಚರಿಗೂ ಖುಷಿಯಾಗಿತ್ತು. ಆ ಖುಷಿಯಲ್ಲಿ ಡೈರಿಯಲ್ಲಿ ಹೋಂವರ್ಕ್ ಬರೆದು ಕೊಟ್ಟಿದ್ದರು: ಇದೇ ಐದು ವಾಕ್ಯಗಳನ್ನು ಪುಸ್ತಕದ ಭಾಷೆಯಲ್ಲಿ ಹತ್ತು ಸಲ ಬರೆದು ತಂದೆಯ ಸಹಿ ಮಾಡಿಸಿಕೊಂಡು ಬರುವುದು.

ಆ ಸಂಜೆ ಮಗಳು ಹಿಂದಿನ ಮೇಜಿನಲ್ಲಿ ಕೂತು ಬರೆದಳು. ಪುಸ್ತಕದ ಭಾಷೆಗೆ ತಿರುಗಿಸಿದ್ದು ನಾನು. ಪೋಸ್ಟ್‌ಮ್ಯಾನರು ಕುರ್ಚಿ ಎಳೆಯಲು ಬಂದಾಗ ಇವತ್ತು ಬೇಡ ಎಂದೆ. ಉಳಿದದ್ದೆಲ್ಲ ಅವಳೇ ಬರೆದಳು. ಹೋಂವರ್ಕ್ ಆದರೆ ಅಪ್ಪ ಹೋಗುತ್ತಾರೆ, ಹೋಂವರ್ಕ್ ಆದರೆ ಅಪ್ಪ ಹೋಗುತ್ತಾರೆ ಎಂದು ಹತ್ತು ಸಲ, ನಾಲಿಗೆ ಕಚ್ಚಿಕೊಂಡು, ಗೆರೆಯ ಮೇಲೆ. ನಾನು ಅದರ ಕೆಳಗೆ ಸಹಿ ಮಾಡಿದೆ. ಸಹಿ ಹಾಕುವ ಮೊದಲು ಬ್ಯಾಂಕಿನ ಯಾವ ಕಾಗದವನ್ನೂ ನಾನು ಅಷ್ಟು ಸಲ ಓದಿರಲಿಲ್ಲ.

“ಆಯ್ತ್” ಎಂದು ಪುಸ್ತಕ ಮುಚ್ಚಿ ಅವಳು ನನ್ನ ಮುಖ ನೋಡಿದಳು.

ನಾನು ಏಳಲಿಲ್ಲ. ಆದರೆ ಹೋಂವರ್ಕ್ ಇಲ್ಲದ ಹೊತ್ತಿನಲ್ಲಿ ಮಗಳನ್ನು ಏನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಗೊತ್ತಿದ್ದ ಇನ್ನೊಂದು ಪ್ರಶ್ನೆ ಗಿರಾಕಿಗಳನ್ನು ಕೇಳುವಂಥದ್ದು. ಅದನ್ನೇ ಕೇಳಿದೆ.

“ಎಂತ ಕೊಡ್ಲಿ?”

ಅವಳು ಗೋಡೆಯ ಮೇಲಿನ ತಿಂಡಿಪಟ್ಟಿಯ ಕಡೆ ನೋಡಿದಳು.

“ಎರಡ್ ಗೋಳಿಬಜೆ. ಒಂದ್ ನಿಮ್ಗೆ. ಹತ್ರ ಕೂಕಂಡೇ ತಿನ್ಕ್” ಎಂದಳು.