ಮಾಮ ಕಾಡ್ತಾನ

ಒಂದು ಪ್ರಶ್ನೆ ಕೇಳಿದ್ದಕ್ಕೆ ನಾನು ಒಂದು ಊರನ್ನೇ ಕಳೆದುಕೊಂಡೆ. ನಾಲ್ಕು ವರ್ಷ ಮನೆಮನೆ ತಿರುಗಿ ಗಳಿಸಿದ ಊರು. ಆ ಪ್ರಶ್ನೆಯನ್ನು ತಡವಾಗಿ ಕೇಳಿದ್ದಕ್ಕೆ ಬೆಲೆ ತೆತ್ತವಳು ಬೇರೊಬ್ಬಳು. ಅವಳಿಗೆ ಆಗ ಒಂಬತ್ತು ವರ್ಷ.

1988. ಮಸ್ಕಿ ಆಗ ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. ಅದರ ಹತ್ತಿರದ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ನಾನು ಎ.ಎನ್.ಎಂ., ಅಂದರೆ ಹೆರಿಗೆ, ಲಸಿಕೆ, ಸಣ್ಣಪುಟ್ಟ ಔಷಧ ನೋಡಿಕೊಳ್ಳುವ ನರ್ಸ್. ಊರಿನ ಹೆಸರು ಬೇಡ. ಹುಡುಗಿಯ ಹೆಸರೂ ಬೇಡ, ಗಂಗಿ ಎನ್ನೋಣ. ಹತ್ತಿ ಬಿಡಿಸಿ ಓದಿದವಳು ನಾನು, ಚೌಕಾಸಿಯನ್ನು ಯಾರೂ ಕಲಿಸಬೇಕಿರಲಿಲ್ಲ. ಮೊಮ್ಮಗನಿಗೆ ಸೂಜಿ ಬೇಡವೆನ್ನುವ ಅಜ್ಜಿಯ ಮೊಣಕಾಲಿಗೆ ಮೊದಲು ಮುಲಾಮು ಕೊಡುತ್ತಿದ್ದೆ, ಆಮೇಲೆ ಮೊಮ್ಮಗನನ್ನು ಕೇಳುತ್ತಿದ್ದೆ. ಕೊಟ್ಟು ತಗೊಂಡರೆ ಆಗದ ಕೆಲಸವಿಲ್ಲ ಎಂದು ನಂಬಿದ್ದೆ.

ಗಂಗಿಯ ತಾಯಿ ಮಗಳನ್ನು ಕರೆತಂದದ್ದು ಹೊಟ್ಟೆನೋವೆಂದು. ಹಾಸಿಗೆ ಒದ್ದೆ ಮಾಡುವುದು ಬಿಟ್ಟುಹೋಗಿತ್ತು, ಅದೂ ಮತ್ತೆ ಶುರುವಾಗಿತ್ತು. ಜಂತುಹುಳು ಎಂದು ಗುಳಿಗೆ ಕೊಟ್ಟೆ. ಮುಂದಿನ ತಿಂಗಳೂ ಅದೇ ನೋವು, ಅದೇ ಗುಳಿಗೆ. ಮೂರನೆಯ ಸಲ ಔಷಧ ರಿಜಿಸ್ಟರಿನಲ್ಲಿ ಬರೆಯುವಾಗ ಹಿಂದಿನ ಹಾಳೆ ತಿರುವಿದೆ. ಮೂರೂ ಸಲ ಅವರು ಬಂದದ್ದು ಮಸ್ಕಿ ಸಂತೆಯ ಮರುದಿನ. ಹುಳುವಿಗೆ ವಾರ ಗೊತ್ತಿರುವುದಿಲ್ಲ.

ಸಂತೆಗೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆಂದು ಕೇಳಿದೆ. ತನ್ನ ತಮ್ಮ ಅಂದಳು ತಾಯಿ. ಇಪ್ಪತ್ತೈದರ ಆಸುಪಾಸಿನವ, ಅಕ್ಕನ ಮನೆಯಲ್ಲೇ ದುಡಿದುಕೊಂಡಿದ್ದ. ಆಗ ಗಂಗಿ ನೆಲ ನೋಡುತ್ತ ಬಾಯಿಬಿಟ್ಟಳು.

"ಮಾಮ ಕಾಡ್ತಾನ್ರಿ."

ತಾಯಿ ನಕ್ಕಳು. "ಸೋದರಮಾವ ಅಲ್ಲೇನ್ರಿ ನರ್ಸಬಾಯಿ, ಅವ ಕಾಡದ ಮತ್ಯಾರು ಕಾಡಬೇಕು? ನಾಳಿ ಕಟ್ಟಿಕೊಳ್ಳಾಂವ ಅವನ."

ನಮ್ಮ ಕಡೆ ಕಾಡುವುದೆಂದರೆ ಜಡೆ ಎಳೆಯುವುದು, ಚೇಷ್ಟೆ ಮಾಡುವುದು. ಅಕ್ಕನ ಮಗಳನ್ನೇ ಮದುವೆಯಾಗುವ ರೂಢಿ ಇರುವಲ್ಲಿ ಮಾವ ಕಾಡಿದರೆ ಮನೆಮಂದಿಯೆಲ್ಲ ನಗುತ್ತಾರೆ. ಗಂಗಿ ಮೊದಲ ಸಲ ಬಂದಾಗಲೂ ಈ ಮಾತು ಅಂದಿದ್ದಳು. ಆಗ ನಾನೂ ನಕ್ಕಿದ್ದೆ.

ತಾಯಿಯನ್ನು ನೀರು ತರಲು ಕಳಿಸಿ, ಹೆಂಗ ಕಾಡ್ತಾನವ್ವ ಎಂದು ಕೇಳಿದೆ. ಲಂಗದ ಅಂಚಿಗೆ ಗಂಟು ಹಾಕುತ್ತ, ಬಿಚ್ಚುತ್ತ ಮಾತು ತೆಗೆದಳು. ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಕಾಡುವುದಲ್ಲ, ಅಪರಾಧ. ಕೊನೆಗೆ ಅಂದಳು, "ಅವ್ವಗ ಹೇಳಬ್ಯಾಡ್ರಿ. ಅವ್ವ ನಗತಾಳ."

ಮಸ್ಕಿ ಆಸ್ಪತ್ರೆಯ ಡಾಕ್ಟರ ಹತ್ತಿರ ಹೋದೆ. ಪೊಲೀಸರ ಪತ್ರವಿಲ್ಲದೆ ಪರೀಕ್ಷೆ ಮಾಡಲಾರೆ ಎಂದರು. ಠಾಣೆಗೆ ಹೋದೆ; ತಂದೆತಾಯಿ ಫಿರ್ಯಾದು ಕೊಡಲಿ ಎಂದರು. ಗಂಗಿ ಬೇಡವೆಂದಿದ್ದರೂ ತಾಯಿಗೆ ಹೇಳಲೇಬೇಕಾಯಿತು. ತಾಯಿ ನನ್ನ ಮಾತು ನಂಬಲಿಲ್ಲ ಎಂದಲ್ಲ. ನಂಬಿದಳು. ಆದರೆ ತಮ್ಮನನ್ನು ಜೈಲಿಗೆ ಹಾಕಿಸಿ ಯಾವ ತವರಿಗೆ ಹೋಗಲಿ ಎಂದು ನನ್ನನ್ನೇ ಕೇಳಿದಳು. ತಂದೆ ಒಂದೇ ಮಾತು ಆಡಿದ: "ಹೆಂಗೂ ಅವಗ ಕೊಡೂದೈತಲ್ರಿ."

ಆಗ ನಾನು ನನಗೆ ಬರುವ ಕೆಲಸ ಮಾಡಿದೆ, ಚೌಕಾಸಿಗೆ ಕೂತೆ. ಹುಡುಗಿಯನ್ನು ಲಿಂಗಸುಗೂರಿನ ಹಾಸ್ಟೆಲಿಗೆ ಸೇರಿಸಿರಿ, ನಾನು ಮತ್ತೆ ಬಾಯಿ ಬಿಡುವುದಿಲ್ಲ ಎಂದೆ. ಒಪ್ಪಿದರು. ಗೆದ್ದೆನೆಂದುಕೊಂಡು ಬಸ್ಸಿನಲ್ಲಿ ನಾನೇ ಬಿಟ್ಟುಬಂದೆ.

ದಸರೆ ರಜೆಗೆ ಕರೆತಂದವರು ಮತ್ತೆ ಕಳಿಸಲಿಲ್ಲ. ಕೇಳಲು ಹೋದರೆ ಗಂಗಿಯ ಅಜ್ಜಿ ಬಾಗಿಲಲ್ಲೇ ನಿಂತು, "ಕೊಟ್ಟ ಮಾತು ಉಳಿಸಿಕೋ ನರ್ಸಬಾಯಿ" ಅಂದಳು. ಮಾತು ಮುರಿದು ಠಾಣೆಗೆ ಮತ್ತೆ ಹೋದೆ. ಪೇದೆ ಬಂದು ಎಲ್ಲರೆದುರು ಕೇಳಿದ. ಗಂಗಿ ಏನೂ ಇಲ್ಲ ಎಂದಳು. ಮಾಮ ಪಕ್ಕದಲ್ಲೇ ನಿಂತಿದ್ದ. ಮಕ್ಕಳಿಗೆ ಹೊಲಸು ಕಲಿಸುವ ನರ್ಸಬಾಯಿ ಎಂದು ಸುದ್ದಿಯಾಯಿತು. ಹೆರಿಗೆಗೆ ಕರೆಯುವುದು ನಿಂತಿತು, ಸೂಜಿಗೆ ಬಾಗಿಲು ತೆರೆಯುವುದೂ ನಿಂತಿತು. ವರ್ಷದೊಳಗೆ ನನಗೆ ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಕಡೆ ವರ್ಗವಾಯಿತು.

ಅಲ್ಲಿ ಭತ್ತದ ಸೀಮೆ, ಜನ ಬೇರೆ. ಆದರೆ ಹೊಟ್ಟೆನೋವಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳತೊಡಗಿದಾಗ ಅದೇ ಶಬ್ದ ಸಿಕ್ಕಿತು, ಗಂಡುಮಕ್ಕಳ ಬಾಯಲ್ಲೂ. ಮಾಮ ಇಲ್ಲದಿದ್ದರೆ ಕಾಕಾ, ಬಾಜೂ ಮನೆಯವ, ಪಾಠ ಹೇಳುವವ. ಗುರುತಿಲ್ಲದವರು ಕಡಿಮೆ. ಎಷ್ಟು ಮಂದಿ ಎಂದು ಕೇಳಬೇಡಿ. ಹೆರಿಗೆಗೆ, ಲಸಿಕೆಗೆ, ಮಕ್ಕಳಾಗದ ಆಪರೇಷನ್ನಿಗೆ ರಿಜಿಸ್ಟರಿತ್ತು. ಇದಕ್ಕೆ ಒಂದು ಕಾಲಂ ಕೂಡ ಇರಲಿಲ್ಲ.

1995ರಲ್ಲಿ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಗಂಗಿಯೇ ನನ್ನ ಗುರುತು ಹಿಡಿದಳು. ಹದಿನಾರರ ಹುಡುಗಿ, ಕೊರಳಲ್ಲಿ ತಾಳಿ, ಬಗಲಲ್ಲಿ ಹೆಣ್ಣುಕೂಸು. ಆ ಮಾಮನಿಗೇ ಕೊಟ್ಟಿದ್ದರು. ಕೂಸಿಗೆ ಮುಂದಿನ ಸೂಜಿ ಯಾವಾಗ ಎಂದು ಅವಳೇ ಕೇಳಿದಳು, ಹೇಳಿದೆ. ಬಸ್ ಹತ್ತುವಾಗ ತಿರುಗಿ ನಿಂತಳು.

"ಇಕಿ ದೊಡ್ಡಾಕಿ ಆಗಿ ಏನಾರ ಅಂದ್ರ, ನಾ ನಗಂಗಿಲ್ರಿ."

ಓದುವವರೇ, ಮಗು "ಕಾಡ್ತಾನ" ಅಂದರೆ ನೀವೂ ನಗಬೇಡಿ. ಮಗು ನಿಮ್ಮೊಡನೆ ಒಂದೇ ಇರುವಾಗ "ಹೆಂಗ" ಎಂದು ಒಮ್ಮೆ ಕೇಳಿ ಸುಮ್ಮನೆ ಕೂತುಕೊಳ್ಳಿ. ಉತ್ತರವನ್ನು ನೀವೇ ಬಾಯಿಗೆ ತುರುಕಬೇಡಿ. ನಿನ್ನ ತಪ್ಪಲ್ಲ ಎನ್ನಿ, ಆದರೆ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ಈಗ ಮಕ್ಕಳಿಗೆಂದೇ ಕಾನೂನಿದೆ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಂದೆತಾಯಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಮಗುವನ್ನು ಮನೆಯಿಂದ ಕಳಿಸಿ ಅವನನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ನಾನು ಕುದುರಿಸಿದ ಸೌದಾಗಳಲ್ಲೆಲ್ಲ ಕೆಟ್ಟದ್ದು ಅದು. ಹೊಟ್ಟೆನೋವು ಅಂದರೆ ಗುಳಿಗೆ ಕೊಡುವ ಮೊದಲು ಯಾವ ವಾರ ನೋಯುತ್ತದೆ ಎಂದು ಕೇಳಿ.